ಅಧಿಕಮಾಸ ಬಂದ ವರ್ಷದ ಪಾಳಿ

ಆ ವರ್ಷ ದೀಪಾವಳಿ ಯಾವ ತಿಂಗಳಲ್ಲಿ ಬೀಳುತ್ತದೆ ಎಂದು ನನಗೆ ಗೊತ್ತಿತ್ತು. ಅವನು ಕೇಳಿದಾಗ ಸುಳ್ಳು ಹೇಳಿದೆ. ಇಷ್ಟನ್ನೇ ಬರೆದು ಮುಗಿಸಬಹುದಿತ್ತು. ಆದರೆ ಹಾಗೆ ಬರೆದರೆ ಸಣ್ಣ ತಪ್ಪಿನಂತೆ ಕಾಣುತ್ತದೆ.

ಮಹಾರಾಜರ ಕಾಲ. ನಾವಿಬ್ಬರೂ ಹೈಸ್ಕೂಲು ಮುಗಿಸಿದ ಒಕ್ಕಲು ಮಕ್ಕಳು. ಹುಣಸೂರಿನ ಒಂದು ಆಸ್ಪತ್ರೆಯಲ್ಲಿ ಕಾಂಪೌಂಡರ್ ಕೆಲಸ ಕಲಿಯುತ್ತಿದ್ದೆವು. ನನ್ನದು ಕಟ್ಟೆಮಳಲವಾಡಿ, ಅವನದು ರಾವಂದೂರಿನ ಹತ್ತಿರದ ಹಳ್ಳಿ. ಅಕ್ಟೋಬರಿನಿಂದ ಆಚೆಗೆ ಕಲಿಯುವವರಲ್ಲಿ ಒಬ್ಬ ಹುಣಸೂರಿನಲ್ಲಿರಬೇಕು, ಇನ್ನೊಬ್ಬ ಹೆಗ್ಗಡದೇವನಕೋಟೆಯ ಆಚೆ, ಕಾಡಂಚಿನ ಔಷಧಾಲಯದಲ್ಲಿ. ತಿಂಗಳಿಗೊಮ್ಮೆ ಅದಲುಬದಲು. ಹುಣಸೂರಿನ ತಿಂಗಳಲ್ಲಿ ಹಬ್ಬ ಬಂದರೆ ನಾಲ್ಕು ದಿನ ರಜ ಸಿಗುತ್ತಿತ್ತು. ಕಾಡಿನ ತಿಂಗಳಲ್ಲಿ ಏನೂ ಇಲ್ಲ. ಅಲ್ಲಿ ಇರುವವನೇ ಒಬ್ಬ, ಬಾಗಿಲು ಹಾಕಿ ಬರುವಂತಿರಲಿಲ್ಲ. ಮಳೆಗಾಲ ಮುಗಿದ ಮೇಲೆ ಅಲ್ಲಿ ಚಳಿಜ್ವರ ಮನೆಮನೆಯಲ್ಲೂ ಇರುತ್ತಿತ್ತು.

ಡಾಕ್ಟರು ಪಾಳಿಯನ್ನು ನಮಗೇ ಬಿಟ್ಟಿದ್ದರು. "ನೀವಿಬ್ಬರೇ ಕೂತು ಆರಿಸಿಕೊಂಡು ಬರೆದುಕೊಂಡು ಬನ್ನಿ. ನಾನು ಸಹಿ ಹಾಕಿದ ಮೇಲೆ ಮಾತ್ರ ನನ್ನ ಹತ್ತಿರ ಗೋಳಾಡಬಾರದು" ಎಂದರು.

ಅವನಿಗೆ ಆ ಬೇಸಿಗೆಯಲ್ಲಿ ಮದುವೆಯಾಗಿತ್ತು. ಹೆಂಡತಿಯನ್ನು ಇನ್ನೂ ಮನೆ ತುಂಬಿಸಿಕೊಂಡಿರಲಿಲ್ಲ. ಹೊಸ ಅಳಿಯ ಮೊದಲ ದೀಪಾವಳಿಗೆ ಮಾವನ ಮನೆಗೆ ಹೋಗಿ, ಅತ್ತೆಯ ಕೈಯಲ್ಲಿ ಎಣ್ಣೆ ಹಚ್ಚಿಸಿಕೊಂಡು, ಹಬ್ಬ ಮುಗಿಸಿ ಹೆಂಡತಿಯನ್ನು ಕರೆದುಕೊಂಡು ಬರಬೇಕು. ಮಾತು ಹಾಗೇ ಆಗಿತ್ತು. ನನಗೋ, ಬಾಣಂತನ ಮುಗಿಸಿಕೊಂಡು ಹೆಂಡತಿ ಅದೇ ಹಬ್ಬಕ್ಕೆ ತವರಿನಿಂದ ಬರುವವಳಿದ್ದಳು. ಮಗನ ಮುಖವನ್ನು ನಾನಿನ್ನೂ ನೋಡಿರಲಿಲ್ಲ.

ಅವನು ಕೇಳಿದ: "ಓದೊರ್ಸ ದೀಪಾವಳಿ ಅಕ್ಟೋಬರಲ್ಲಿ ಬಂದಿತ್ತು. ಈ ಸಲಾನೂ ಅಂಗೇ ಅಲ್ವೇನ್ಲಾ?"

ಯುಗಾದಿಯ ದಿನ ನಮ್ಮೂರ ಗುಡಿಯ ಜಗಲಿಯಲ್ಲಿ ಜೋಯಿಸರು ಪಂಚಾಂಗ ಓದಿದ್ದರು. ಈ ವರ್ಷ ಅಧಿಕಮಾಸ ಬರುತ್ತದೆ, ಅದರಾಚೆಯ ಹಬ್ಬಗಳೆಲ್ಲ ಒಂದು ತಿಂಗಳು ತಡ ಎಂದಿದ್ದರು. ಅವನು ಅದನ್ನು ಕೇಳಿರಲಿಲ್ಲ. ನಾನು ಊರಿಗೆ ಹೋಗಲಿ ಎಂದು ಯುಗಾದಿಯ ದಿನ ನನ್ನ ವಾರ್ಡನ್ನೂ ತಾನೇ ನೋಡಿಕೊಂಡು ಆಸ್ಪತ್ರೆಯಲ್ಲಿ ಉಳಿದಿದ್ದ.

"ಇನ್ನೆಲ್ಲಿಗೆ ಓಯ್ತದೆ ಬುಡ್ಲಾ" ಎಂದೆ. "ಮೊದ್ಲು ನೀನೇ ಆರಿಸ್ಕೋ. ಒಸಾ ಅಳಿಯ, ಅಕ್ಟೋಬರು ನಿಂಗೇ ಇರ್ಲಿ."

ಅವನು ಅಕ್ಟೋಬರಿನಲ್ಲಿ ಹುಣಸೂರು ಎಂದು ಬರೆದ. ನವೆಂಬರು ತಾನಾಗಿಯೇ ಕಾಡಾಯಿತು. ಎಂಥ ದೊಡ್ಡ ಮನಸ್ಸು ಎಂದು ನನ್ನನ್ನು ಡಾಕ್ಟರೂ ಹೊಗಳಿದರು. ಮುಂದಿನ ವಾರ ಅವನು ಊರಿನಿಂದ ನನಗಾಗಿ ಒಂದು ಹಲಸಿನ ಹಣ್ಣು ಹೊತ್ತುಕೊಂಡು ಬಂದ. ತಿಂದೆ.

ಅಧಿಕಮಾಸ ಕಾಲಿಟ್ಟಾಗ, ದೀಪಾವಳಿ ನವೆಂಬರಿಗೆ ಬಿತ್ತೆಂದು ಅವನಿಗೆ ತಿಳಿಯಿತು. ನಾನು ಜ್ವರದ ಮಿಕ್ಸ್ಚರ್ ಕಲೆಸುತ್ತಿದ್ದೆ, ಬಂದು ಎದುರು ನಿಂತ.

"ಲೋ, ನವೆಂಬರು ನಂಗ್ ಕೊಡ್ಲಾ. ಆಮೇಲೆ ಎಲ್ಡು ತಿಂಗ್ಳು ಬೇಕಾರೆ ಕಾಡಲ್ಲಿ ನಾನೇ ಇರ್ತೀನಿ."

"ಸಹಿ ಆಗದೆ ಕಣೋ."

"ನೀನು ಊಂ ಅಂದ್ರೆ ಬದ್ಲಾಯಿಸ್ತೀನಿ ಅಂದವ್ರೆ ಡಾಕ್ಟ್ರು."

"ನಾನು ಊಂ ಅನ್ನಕಿಲ್ಲ. ಎಡ್ತಿ ಎಲ್ಲೂ ಓಡೋಗಕಿಲ್ಲ ಬುಡು. ಅಷ್ಟು ಆತುರ ಇದ್ರೆ ಕಾಡಲ್ಲಿ ಕರಡೀನೇ ಎಣ್ಣೆ ಹಚ್ತದೆ, ಓಗು."

ಪಕ್ಕದಲ್ಲಿ ಗಾಯ ಕಟ್ಟಿಸಿಕೊಳ್ಳಲು ಕೂತಿದ್ದವರೆಲ್ಲ ನಕ್ಕರು. ಅವನೂ ನಗಲು ನೋಡಿದ. ಲೆಕ್ಕ ತಪ್ಪಿದ್ದು ತಾನೇ ಎಂದು ಅವನು ನಂಬಿದ್ದ; ನನಗೆ ಗೊತ್ತಿತ್ತು ಎಂಬ ಅನುಮಾನ ಅವನ ತಲೆಗೆ ಬರಲೇ ಇಲ್ಲ.

ಹಬ್ಬಕ್ಕೆ ಎರಡು ದಿನವಿದೆ ಎನ್ನುವಾಗ ಹೆಗ್ಗಡದೇವನಕೋಟೆಯ ಹತ್ತಿರದ ಹ್ಯಾಂಡ್‌ಪೋಸ್ಟಿನ ಗಾಡಿಯವನು ನನ್ನ ಕೈಗೆ ಒಂದು ಚೀಟಿ ಕೊಟ್ಟ. ಅವನು ಕಾಡಿನಿಂದ ಡಾಕ್ಟರಿಗೆ ಬರೆದದ್ದು. 'ನನಗೆ ಜ್ವರ ಹೆಚ್ಚಾಗಿದೆ, ದಯಮಾಡಿ ಬದಲಿಗೆ ಯಾರನ್ನಾದರೂ ಕಳಿಸಬೇಕು' ಎಂದಿತ್ತು. ಅಕ್ಷರ ಸೊಟ್ಟಗಿತ್ತು. ಬದಲಿಗೆ ಹೋಗಬೇಕಾದವನು ನಾನೊಬ್ಬನೇ. ಚೀಟಿಯನ್ನು ಮಡಿಸಿ ಜೇಬಿಗಿಟ್ಟೆ. ನಾಟಕವಾಡುತ್ತಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ಊರಿಗೆ ಹೊರಟೆ.

ಹಬ್ಬ ಚೆನ್ನಾಗಿಯೇ ಆಯಿತು. ಅದನ್ನು ಮುಚ್ಚಿಡಬಾರದು. ಎಣ್ಣೆ ನೀರು ಹಾಕಿಕೊಂಡೆ, ಹೋಳಿಗೆ ತಿಂದೆ, ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡೆ. ಕರಡಿಯ ಮಾತನ್ನು ಮನೆಯವರ ಮುಂದೆ ಮತ್ತೆ ಹೇಳಿ ನಗಿಸಿದೆ. ನಗುನಗುತ್ತಲೇ ನನ್ನವ್ವ, "ಪಾಪ, ಆ ಉಡುಗಿ ದಾರಿ ನೋಡ್ತಾ ಕುಂತಿರ್ತದಲ್ಲೋ" ಎಂದಳು. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಒಂದು ಸಲವೂ ಚೀಟಿ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾದಾಗಲೆಲ್ಲ ಮಗನನ್ನು ಎತ್ತಿಕೊಳ್ಳುತ್ತಿದ್ದೆ.

ನಾಲ್ಕನೆಯ ದಿನ ಹಿಂತಿರುಗಿದಾಗ ಅವನು ಹುಣಸೂರಿನ ವಾರ್ಡಿನಲ್ಲಿದ್ದ. ಗಾಡಿಯಲ್ಲಿ ಮಲಗಿಸಿಕೊಂಡು ತಂದಿದ್ದರು. ಬದಲಿಯವನು ಬರುತ್ತಾನೆ, ಬಂದ ಕೂಡಲೇ ಎದ್ದು ಮಾವನ ಮನೆಗೆ ಹೊರಡಬೇಕು ಎಂದು, ಜ್ವರ ಬೇಗ ಇಳಿಯಲೆಂದು, ಚಳಿಜ್ವರದ ಮದ್ದು ಕ್ವಿನೈನನ್ನು ತಾನೇ ಅಳೆದು ಕುಡಿದಿದ್ದ. ಜ್ವರದ ಮಂಪರಿನಲ್ಲಿ ಅಳತೆ ತಪ್ಪಿತ್ತು. ಎಷ್ಟು ಸಲ ಕುಡಿದನೆಂದು ಅವನಿಗೇ ಗೊತ್ತಿರಲಿಲ್ಲ. ಜೀವ ಉಳಿಯಿತು. ಕಿವಿ ಹೋಯಿತು. ಡಾಕ್ಟರು ಎರಡೂ ಕಿವಿಯ ಹತ್ತಿರ ತಟ್ಟೆ ಬಡಿದು ನೋಡಿ ಹೊರಗೆ ಹೋದರು.

"ಮೊದಲೇ ಹೇಳಿ ಕಳಿಸಬಾರದಿತ್ತೇ ಇವನು?" ಎಂದು ಆಮೇಲೆ ನನ್ನನ್ನು ಕೇಳಿದರು.

"ಸ್ವಲ್ಪ ಹಟಮಾರಿ, ಸಾರ್" ಎಂದೆ. ಚೀಟಿಯನ್ನು ಅಂದೇ ನೀರೊಲೆಗೆ ಹಾಕಿದೆ. ಅವನು ಆಮೇಲೆ ಚೀಟಿಯ ಮಾತೆತ್ತಿದಾಗ, ಅದು ದಾರಿಯಲ್ಲೇ ಬಿದ್ದುಹೋಯಿತೆಂದು ಎಲ್ಲರೂ ಅಂದುಕೊಂಡರು.

ಕಿವಿ ಕೇಳದವನಿಗೆ ರೋಗಿಗಳ ನಡುವೆ ಕೆಲಸವಿರಲಿಲ್ಲ. ಊರಿಗೆ ಹೋಗಿ ಅಣ್ಣನ ಜೊತೆ ಹೊಲಕ್ಕೆ ಇಳಿದ. ಮೊದಲ ಹಬ್ಬಕ್ಕೇ ಬಾರದವನು, ಈಗ ಕಿವುಡ ಬೇರೆ ಎಂದು ಮಾವ ಹುಡುಗಿಯನ್ನು ಕಳಿಸಲಿಲ್ಲ. ಒಂದೆರಡು ವರ್ಷವಾದ ಮೇಲೆ ಅವಳನ್ನು ಪಿರಿಯಾಪಟ್ಟಣದ ಕಡೆ ಯಾರಿಗೋ ಕೂಡಾವಳಿ ಎಂಬ ಮರುಮದುವೆ ಮಾಡಿ ಕೊಟ್ಟರಂತೆ. ಅವನು ಮತ್ತೆ ಮದುವೆಯಾಗಲಿಲ್ಲ.

ನಾನು ಕೃಷ್ಣರಾಜನಗರದಲ್ಲಿ ಕಾಂಪೌಂಡರಾಗಿ ಮೂರು ಮಕ್ಕಳ ತಂದೆಯಾದ ಮೇಲೆ, ಒಮ್ಮೆ ಅವನ ಊರಿಗೆ ಹೋದೆ. ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋಗಿದ್ದೆ. ಹೊಗೆಸೊಪ್ಪಿನ ಹೊಲದ ಬದುವಿನ ಮೇಲೆ ನಿಂತು ಹೇಳಿದೆ ಕೂಡ. ಪಂಚಾಂಗ ಕೇಳಿದ್ದೆ, ಗೊತ್ತಿದ್ದೇ ಸುಳ್ಳಾಡಿದೆ, ನಿನ್ನ ಚೀಟಿ ನನ್ನ ಜೇಬಿನಲ್ಲಿತ್ತು ಎಂದೆಲ್ಲ. ಅವನು ನನ್ನ ತುಟಿಗಳನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕಿವುಡರು ಮಾತಾಡುವಂತೆ ಜೋರಾಗಿ ಕೂಗಿದ:

"ಏನೂ ಕೇಳಕಿಲ್ಲ ಕಣ್ಲಾ! ಮೊಕ ಯಾಕಂಗ್ ಮಾಡ್ಕಂಡಿದ್ದೀಯೆ? ಯಾರಾರ ಸತ್ತೋದ್ರಾ?"

ಇಲ್ಲವೆಂದು ತಲೆಯಾಡಿಸಿದೆ.

"ಅಂಗಾರೆ ಉಣ್ಣಾಕ್ ಬಾ."

ಅವನಿಗೆ ಕಿವಿ ಇರಲಿಲ್ಲ, ಕಣ್ಣಿತ್ತು. ನನಗಿಂತ ಚೆನ್ನಾಗಿ ಓದುತ್ತಿದ್ದ. ನನ್ನ ಜೇಬಿನಲ್ಲಿ ಪೆನ್ನಿತ್ತು, ಕಾಗದವೂ ಇತ್ತು. ನಾಲ್ಕು ಸಾಲು ಬರೆದು ಕೊಡಬಹುದಿತ್ತು. ಅವನಿಗೆ ಕೇಳಿಸುವುದಿಲ್ಲ ಎಂದು ತಿಳಿದೇ ನಾನು ಅಷ್ಟು ಧೈರ್ಯವಾಗಿ ಬಾಯಲ್ಲಿ ಹೇಳಿದ್ದು. ಅವನ ಅತ್ತಿಗೆ ಮುದ್ದೆ ಬಡಿಸಿದಳು. "ಇನ್ನೊಂದು ಆಕವ್ವಾ, ದೂರದಿಂದ ಬಂದವ್ನೆ" ಎಂದು ಅವನು ಕೂಗಿದ. ಹಾಕಿಸಿಕೊಂಡೆ.