ಹೆಚ್ಚಿನ ಹತ್ತಿ, ಬೇಗಿನ ಹತ್ತಿ

ಗಂಡ-ಹೆಂಡಿರ ಜಗಳದಲ್ಲಿ ಪಂಚನಾಗಲು ಯಾವ ಅರ್ಹತೆ ಬೇಕೋ ನನಗೆ ಗೊತ್ತಿಲ್ಲ. ನಾನು ಬೆಳಗಾವಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನು. ಅಷ್ಟನ್ನೇ ನೆಪ ಮಾಡಿಕೊಂಡು ಖಾನಾಪುರ ಸೀಮೆಯ ನಮ್ಮ ಕಾಕಾ ಮತ್ತು ಕಾಕು ನನ್ನನ್ನು ತಮ್ಮ ಹತ್ತಿ ಹೊಲದ ನಡುವೆ ತಂದು ನಿಲ್ಲಿಸಿದರು.

ಕಾಕಾ ಬಿತ್ತಿದ್ದು ತಡವಾಗಿ ಬಂದರೂ ಗಿಡದ ತುಂಬ ಕಾಯಿ ಹಿಡಿಯುವ ತಳಿ. ಕಾಕುವಿನದು ಕಾಯಿ ಕಡಿಮೆ, ಆದರೆ ಬೇಗ ಒಡೆಯುವಂಥದು. ಹೊಲ ಒಂದೇ, ಅರ್ಧರ್ಧ. ಗೆದ್ದವರ ತಳಿಗೆ ಮುಂದಿನ ವರ್ಷ ಇಡೀ ಹೊಲ ಎಂದು ಕರಾರು.

“ಖರೇ ಹೇಳು, ಯಾವದು ಛಲೋ?” ಎಂದು ಇಬ್ಬರೂ ಒಟ್ಟಿಗೇ ಕೇಳಿದರು.

ಹೆಚ್ಚನ್ನು ತೂಗಲು ತಕ್ಕಡಿ ಬೇಕು, ಬೇಗನ್ನು ಅಳೆಯಲು ಕ್ಯಾಲೆಂಡರ್ ಬೇಕು. ಎರಡನ್ನೂ ಕೂಡಿಸುವ ಸೂತ್ರ ನನ್ನ ಶಾಸ್ತ್ರದಲ್ಲಿ ಇದ್ದೀತು. ಊಟಕ್ಕೆ ಕರೆದವರ ಮುಂದೆ ಅದನ್ನು ಬಿಚ್ಚುವ ಧೈರ್ಯ ಮಾತ್ರ ನನ್ನಲ್ಲಿರಲಿಲ್ಲ. “ಬೆಳಿ ಬರ್ಲಿ, ನೋಡೂಣು” ಎಂದು ಜಾರಿಕೊಂಡೆ.

ದೀಪಾವಳಿಯ ಹೊತ್ತಿಗೆ ಕಾಕುವಿನ ಅರ್ಧ ಬೆಳ್ಳಗಾಯಿತು. ಹತ್ತಿ ಬಿಡಿಸಿ, ಅದೇ ನೆಲದಲ್ಲಿ ಕಡಲೆ ಬಿತ್ತಿಸಿ, ಆಕೆ ಶಿವಬಸವ ನಗರದ ನಮ್ಮ ಮನೆಗೆ ಬಂದುಬಿಟ್ಟಳು. ಸೋಫಾದ ಮೇಲೆ ಕಾಲು ಚಾಚಿ ಕುಂದಾ ತಿನ್ನುತ್ತ, “ನನ್ನ ಹತ್ತಿ ನನಗ ಸೂಟಿ ಕೊಟ್ಟೈತಿ ನೋಡು” ಎಂದಳು.

ಕಾಕಾನ ಅರ್ಧ ಒಡೆದಾಗ ಹತ್ತಿ ಸುರಿದದ್ದೇನೋ ನಿಜ. ಆದರೆ ಅಷ್ಟರಲ್ಲಿ ಬಿಡಿಸುವ ಹೆಂಗಸರೆಲ್ಲ ಬೇರೆ ಹೊಲ ಹಿಡಿದಿದ್ದರು. ಕಾಕಾ ನನಗೆ ಫೋನು ಮಾಡಿದ: “ಪಂಚರು ಬರ್ರಿ, ತೀರ್ಪು ಹೇಳಾಕ.” ಗತ್ತಿನಿಂದಲೇ ಹೋದೆ. ಆತ ನನ್ನ ಸೊಂಟಕ್ಕೆ ಹತ್ತಿ ಬಿಡಿಸುವ ಚೀಲವೊಂದನ್ನು ಕಟ್ಟಿದ. ಇಳುವರಿ ಎಂಬ ಶಬ್ದದ ತೂಕ ನನ್ನ ಬೆನ್ನಿಗೆ ತಿಳಿದದ್ದು ಅವತ್ತೇ. ಕಾಯಿ ಕಡಿಮೆ ಇರುವ ಗಿಡ ಎದುರಾದರೆ ಅದಕ್ಕೆ ಕೈಮುಗಿಯಬೇಕೆನ್ನಿಸುತ್ತಿತ್ತು.

ತೂಕದಲ್ಲಿ ಕಾಕಾನೇ ಗೆದ್ದ. ಆದರೆ ಗೆದ್ದವನ ಮುಖದಲ್ಲಿ ಕಳೆಯಿರಲಿಲ್ಲ. ಕಾಕು ಬೆಳಗಾವಿ ಸೇರಿದಾಗಿನಿಂದ ತಾನೇ ಬಡಿದ ರೊಟ್ಟಿ ತಿಂದು ಸೋತುಹೋಗಿದ್ದ. ಫೋನು ಹಚ್ಚಿದವನೇ ಮೆಲ್ಲಗೆ, “ಗೆದ್ದಾಕಿ ನೀನ. ಇಡೀ ಹೊಲಕ್ಕ ನಿಂದ ಹಾಕೂಣು. ಮನಿಗೆ ಬಾ” ಎಂದ.

ಕಾಕು ಮರುದಿನ ಮುಂಜಾನೆಯ ಬಸ್ಸಿಗೇ ಬಂದಿಳಿದಳು. ಹೊಲದ ಕಡೆಗೊಮ್ಮೆ, ಗಂಡನ ಕಡೆಗೊಮ್ಮೆ ನೋಡಿ, “ಬ್ಯಾಡ್ರಿ, ಅರ್ಧಾ ಅರ್ಧಾನ ಇರ್ಲಿ. ಎಲ್ಲಾ ಲಗೂನ ಮುಗದ್ರ ಇಬ್ರೂ ಮನ್ಯಾಗ ಕುಂತು ಯಾತರ ಮ್ಯಾಲ ಜಗಳಾಡೂದು?” ಎಂದಳು.

ಕಾಕಾ ನಕ್ಕು ಒಪ್ಪಿದ. ಬಾವಿಯ ಬಾಜುವಿನ ಅರ್ಧ ಯಾರದೆಂಬ ಮಾತು ಏಳುವುದರೊಳಗೆ ಪಂಚರು ಸೊಂಟ ಹಿಡಿದುಕೊಂಡು ಬೆಳಗಾವಿ ಬಸ್ಸು ಹತ್ತಿದ್ದರು.