ಗೋವಿಂದಮ್ಮನ ಹುಡುಗಿಯರ ದವಡೆಗಳು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಸೆಲ್ ಮಾರುಕಟ್ಟೆಯ ಹಿಂದಿನ ಬೀದಿಯ ಹಲ್ಲಿನ ದವಾಖಾನೆಯಲ್ಲಿ ಗೋವಿಂದಮ್ಮ ಬಿಸಿನೀರಲ್ಲಿ ಮೇಣ ಮೆತ್ತಗೆ ಮಾಡುತ್ತಿದ್ದಾರೆ. ಎದುರಿಗೆ ಮುಸುಕು ಎತ್ತಿ ಕೂತವಳು ಶಂಶುನ್ನೀಸಾ.

"ಅಗಲಕ್ಕೆ ಬಾಯಿ ಬಿಡವ್ವ. ಅಮ್ಮನ ಹತ್ರ ಜಗಳ ಆಡುವಾಗ ಬಿಡ್ತೀಯಲ್ಲ, ಹಂಗೆ!"

ಹುಡುಗಿ ನಗುತ್ತಾಳೆ. ಮೇಣ ಒಳಗೆ ಹೋಗುತ್ತದೆ.

ಗಂಡು, ಹೆಣ್ಣುಮಕ್ಕಳ ದವಡೆ ಹೇಗೆ ಬೆಳೆಯುತ್ತದೆಂದು ತಿಳಿಯಲು ಇಲ್ಲಿನ ವೈದ್ಯರು ಮಹಾಯುದ್ಧದ ಕಾಲದಿಂದ ಅದೇ ಮಕ್ಕಳನ್ನು ವರ್ಷವರ್ಷವೂ ಕರೆಸುತ್ತಾರೆ. ಮೇಣದಲ್ಲಿ ಅಚ್ಚು ತೆಗೆದು ಅದರೊಳಗೆ ಪ್ಲಾಸ್ಟರ್ ಸುರಿಯುತ್ತಾರೆ. ಗಂಡಸರು ನಮ್ಮ ಹುಡುಗಿಯರ ಬಾಯಿಗೆ ಕೈ ಹಾಕುವುದು ಬೇಡವೆಂದು ತಾಯಂದಿರು ಹಟ ಹಿಡಿದಾಗ, ಹಲಸೂರಿನಲ್ಲಿ ಮಣ್ಣಿನ ಬೊಂಬೆ ಒತ್ತುತ್ತಿದ್ದ ಈ ವಿಧವೆಗೆ ಕರೆ ಬಂತು. ಹುಡುಗರ ಅಚ್ಚು ತೆಗೆಯುವ ಕೆಲಸ ಅಹ್ಮದ್ ಪಾಷಾ ಅವರದು. ಅಚ್ಚುಗಳನ್ನು ಜೋಡಿಸಿಡುವ ಇಬ್ಬರ ಕಪಾಟೂ ಎದುರುಬದುರು.

"ಮೊದಮೊದಲು ನನ್ನ ಹುಡುಗೀರೇ ಮುಂದು ಸ್ವಾಮಿ. ಹನ್ನೊಂದು ವರ್ಷಕ್ಕೆಲ್ಲ ದವಡೆ ಸರಸರ ಬೆಳೀತು. ಪಾಷಾ ಹುಡುಗರದ್ದು ಇನ್ನೂ ಹಸುಗೂಸಿನ ಮುಖ. ನಾನು ಸುಮ್ನಿರ್ತೀನಾ? ಚೆನ್ನಾಗಿ ಆಡ್ಕೊಂಡೆ," ನೋಡಬಂದ ನನಗೆ ಗೋವಿಂದಮ್ಮ ಹೇಳುತ್ತಾರೆ.

ಆಮೇಲೆ ಹುಡುಗರ ದನಿ ಒಡೆಯಿತು, ದವಡೆ ನೀಳವಾಯಿತು. ಈಗ ನೋಡಬಂದವರೆಲ್ಲ ಪಾಷಾ ಕಪಾಟಿನ ಮುಂದೆಯೇ ನಿಲ್ಲುತ್ತಾರೆ.

"ಬೆಳೀತಾನೇ ಇವೆ, ಹಾಳಾದವು! ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳ್ಲಿ?"

ಉರಿಗೆ ಕಾರಣವೂ ಇದೆ. ಬೆಳವಣಿಗೆ ನಿಂತ ಮಕ್ಕಳನ್ನು ವೈದ್ಯರು ಮತ್ತೆ ಕರೆಸುವುದಿಲ್ಲ. ಗೋವಿಂದಮ್ಮನ ಪಾಲಿಗೆ ಉಳಿದಿರುವವಳು ಶಂಶುನ್ನೀಸಾ ಒಬ್ಬಳೇ. ಅವಳ ದವಡೆಯೂ ನಿಂತಿದ್ದರೆ ಈ ಕೆಲಸವೂ ನಿಂತಂತೆ. ಪಾಷಾಗೆ ಆ ಚಿಂತೆ ಸದ್ಯಕ್ಕಿಲ್ಲ.

ಪ್ಲಾಸ್ಟರ್ ಗಟ್ಟಿಯಾಗಿದೆ. ಹೋದ ವರ್ಷದ ಅಚ್ಚನ್ನು ಪಕ್ಕಕ್ಕಿಟ್ಟು ಗೋವಿಂದಮ್ಮ ಕೈವಾರ ಹಿಡಿದು ಅಳೆಯುತ್ತಾರೆ. ಮತ್ತೊಮ್ಮೆ ಅಳೆಯುತ್ತಾರೆ.

"ತುದಿಗೆ ಒಂದು ಚಿಟಿಕೆ ಮೆತ್ತಿಬಿಡಿ ಗೋವಿಂದಮ್ಮಾ, ಬೆಳೆದಂಗೆ ಕಾಣುತ್ತೆ!" ಪಾಷಾ ಮೀಸೆಯಲ್ಲೇ ನಗುತ್ತಾರೆ.

"ನಿಮ್ಮ ಹುಡುಗರಿಗೆ ಹಂಗೇ ಮೆತ್ತಿದ್ರಾ ಸಾಬರೇ?"

ಗೋವಿಂದಮ್ಮ ಎರಡೂ ಅಚ್ಚು ಎತ್ತಿಕೊಂಡು ವೈದ್ಯರಿರುವ ಒಳಕೋಣೆಗೆ ಹೋಗುತ್ತಾರೆ. "ಬೆಳೆದಿಲ್ಲ ಬುದ್ಧೀ, ನಿಂತೋಗಿದೆ," ಎನ್ನುವುದು ಹೊರಗೂ ಕೇಳುತ್ತದೆ. ಕೆಲಸ ಉಳಿಯುತ್ತದೋ ಇಲ್ಲವೋ ವೈದ್ಯರು ಸೋಮವಾರ ಹೇಳುತ್ತಾರಂತೆ.

ಅವತ್ತು ವೈದ್ಯರನ್ನು ಏನು ಕೇಳುತ್ತೀರಿ ಅಂದೆ. ಕೈಗೆ ಮೆತ್ತಿದ್ದ ಪ್ಲಾಸ್ಟರ್ ತೊಳೆಯುತ್ತಾ ಅವರು ಪಾಷಾ ಕಡೆ ಓರೆಗಣ್ಣು ಹಾಯಿಸುತ್ತಾರೆ.

"ಹಾಲುಹಲ್ಲು ಬಿದ್ದಿರೋ ಸಣ್ಣ ಹುಡುಗೀರು, ಹುಡುಗರು, ಇಬ್ಬರನ್ನೂ ಹೊಸದಾಗಿ ಕರೆಸಿ ಅಂತೀನಿ. ಕೊನೆಗೆ ಪಾಷಾನೇ ಗೆಲ್ಲಲಿ ಬಿಡಿ. ಅಲ್ಲೀತನಕ ನನ್ನ ಹುಡುಗೀರು ಮುಂದಿರೋ ನಾಲ್ಕು ವರ್ಷ ಅವರ ಹೊಟ್ಟೆ ಉರೀಲಿ!"