ಗೋಡೆಯಿಂದ ಎದ್ದುಹೋಗುತ್ತಿದ್ದ ಮಾವ

ತಲೆಗೆ ಎಣ್ಣೆ ಹಚ್ಚುವವರ ಮನೆಯ ಗೋಡೆಗೆ ಒಂದು ಗುರುತಿರುತ್ತದೆ. ನಿಮ್ಮಲ್ಲೂ ಇದ್ದೀತು, ನೋಡಿ. ಹೊಳೆನರಸೀಪುರದ ನನ್ನ ಸೋದರತ್ತೆಯ ಜಗಲಿಗೋಡೆಯ ಮೇಲಿದ್ದದ್ದು, ಮಾವ ಬದುಕಿರುವಷ್ಟು ಕಾಲವೂ ಅಲ್ಲೇ ಒರಗಿ ಪೇಪರು ಓದಿದ್ದರ ಫಲ: ತಲೆಯಷ್ಟೇ ಅಗಲದ, ಕೊಬ್ಬರಿ ಎಣ್ಣೆಯ ಕಂದು ವೃತ್ತ. ಅವರು ತೀರಿಕೊಂಡ ಮೇಲೆ ಹಬ್ಬಕ್ಕೆ ಸುಣ್ಣ ಬಳಿಯಲು ಬಂದವನೂ, ಯಾರೂ ಹೇಳದಿದ್ದರೂ, ಅದನ್ನು ಮುಟ್ಟದೆ ಸುತ್ತಲೇ ಕುಂಚ ಆಡಿಸಿದ್ದ.

ನಾನೋ ಹಾಸನದ ಕಾಲೇಜಿನ ಚರ್ಚಾಪಟು. ದೆವ್ವ, ಶಕುನ, ಎಡಗಣ್ಣಿನ ಅದುರುವಿಕೆ, ಯಾವುದನ್ನಾದರೂ ಮೂರು ನಿಮಿಷದಲ್ಲಿ ಖಂಡಿಸಬಲ್ಲೆ. ಬಹುಮಾನವಿದ್ದರೆ ಮುಂದಿನ ಮೂರು ನಿಮಿಷದಲ್ಲಿ ಮಂಡಿಸಲೂ ಬಲ್ಲೆ. ಎದುರಿನ ಅಕ್ಕಿ ಗಿರಣಿಯ ಹೊಗೆಗೆ ಅತ್ತೆ ಕೆಮ್ಮುವುದನ್ನು ಕಂಡು, ರಸಾಯನಶಾಸ್ತ್ರ ಓದುವ ಗೆಳೆಯನಿಂದ ಒಂದು ದ್ರವ ತಂದು ಜಗಲಿಗೋಡೆಗೆಲ್ಲ ಸಿಂಪಡಿಸಿದೆ. ಬಣ್ಣವಿಲ್ಲ, ವಾಸನೆಯಿಲ್ಲ, ಬಿಸಿಲು ಬಿದ್ದೊಡನೆ ಎಚ್ಚೆತ್ತು, ಸೋಕಿದ ಕಶ್ಮಲವನ್ನು ಒಡೆದು ಹಾಕುವ, ತಾನು ಮಾತ್ರ ಸವೆಯದ ವೇಗವರ್ಧಕ.

“ಇನ್ಮೇಲೆ ಗೋಡೇನೇ ಹೊಗೆ ತಿನ್ನುತ್ತೆ, ಅತ್ತೆ.”

“ತಿನ್ಲಿ ಬುಡು. ನಿನ್ನಂಗೆ ಬರೀ ಮಾತಾಡಿ ಹೊಟ್ಟೆ ತುಂಬುಸ್ಕೊಳ್ಳೋಕಿಂತ ವಾಸಿ.”

ಎರಡು ತಿಂಗಳ ಬಳಿಕ ಅತ್ತೆ ಫೋನು ಮಾಡಿದರು. “ನಿಮ್ಮಾವ ಎದ್ದೋಯ್ತಾವ್ರೆ ಕಣ್ಲಾ.”

ನಕ್ಕೆ. ಭಾನುವಾರ ಬೆಳಿಗ್ಗೆ ಜಗಲಿಯ ಮುಂದೆ ನಿಂತಾಗ ನಗು ಬರಲಿಲ್ಲ. ವೃತ್ತದ ಬಹುಭಾಗ ಕರಗಿತ್ತು. ಕಂಬದ ನೆರಳು ಕೊಂಚ ಹೊತ್ತು ತಂಗುವಲ್ಲಿ ಮಾತ್ರ ಒಂದು ಕಿವಿಯಂಥ, ಕತ್ತಿನ ಇಳುಕಲಿನಂಥ ಗುರುತು ಉಳಿದಿತ್ತು. ಕೂತವರು ಪಕ್ಕಕ್ಕೆ ತಿರುಗಿ ಏಳಲು ಅಣಿಯಾದ ಹಾಗೆ. ಹೆದರಿದೆ, ಕಾರಣ ತಿಳಿಯದೆ ಅಲ್ಲ, ತಿಳಿದಿದ್ದರಿಂದಲೇ. ಗಿರಣಿಯ ಮಸಿಯೂ ಮಾವನ ಎಣ್ಣೆಯೂ ಆ ದ್ರವಕ್ಕೆ ಒಂದೇ ಪಂಕ್ತಿಯ ಊಟ. ನಾನು ಕಶ್ಮಲವೆಂದು ಹೆಸರಿಟ್ಟದ್ದನ್ನಷ್ಟೇ ತಿನ್ನಬೇಕೆಂದು ಸೂರ್ಯನೊಡನೆ ಯಾರು ವಾದಿಸಿ ಗೆದ್ದಿದ್ದರು?

“ದೆವ್ವ ಅಲ್ಲ ಅತ್ತೆ, ನಾನು ಹೊಡೆದ ಔಷಧಿ,” ಎಂದು ಒಪ್ಪಿಕೊಂಡೆ. “ಬಿಸಿಲು ಬಿದ್ದಷ್ಟು ದಿನಾನೂ ತಿಂತಾ ಇರುತ್ತೆ. ಆ ಔಷಧೀನ ಉಜ್ಜಿ ತೆಗೆಯೋಕೆ ಹೋದ್ರೆ ಉಳಿದಿರೋ ಗುರುತೂ ಹೋಗುತ್ತೆ.”

“ಬಿಸ್ಲು ಬೀಳ್ದಿದ್ರೆ?”

“ತಿನ್ನಲ್ಲ. ಗೋಣಿಚೀಲ ಕಟ್ಟಲಾ?”

“ಬ್ಯಾಡ. ಅವ್ರಿಗೆ ಉಸ್ರು ಕಟ್ತದೆ.”

ಅತ್ತೆ ಒಂದು ಸ್ಟೂಲು ಎಳೆದು, ಏರುತ್ತಿದ್ದ ಬಿಸಿಲಿಗೆ ಬೆನ್ನು ಮಾಡಿ, ಗೋಡೆಗೆ ಎದುರಾಗಿ ಕೂತರು. ಅವರ ನೆರಳು ಹೋಗಿ ಗುರುತಿನ ಮೇಲೆ ಬಿತ್ತು. ದಿನವೂ ಹೀಗೇ ಕೂರುತ್ತೀರಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದರು. “ಕಾಫಿ ಕಾಯುಸ್ತೀನಿ. ವಸಿ ನೀನು ಕೂತ್ಕೊ.”

ಕೂತೆ. ನನ್ನ ತಲೆಯ ನೆರಳು ಆ ಕಿವಿಯನ್ನೂ ಮುಚ್ಚಿ, ಕರಗಿಹೋದ ಭಾಗವನ್ನೆಲ್ಲ ತುಂಬಿಬಿಟ್ಟಿತು. ಗೋಡೆಯಲ್ಲೀಗ ಇಡೀ ಮನುಷ್ಯನೊಬ್ಬ ನನ್ನೆದುರು ಕೂತಿದ್ದ.

“ನಿಮ್ಮಾವ ಅವ್ರೇನ್ಲಾ?” ಒಳಗಿಂದ ಅತ್ತೆಯ ದನಿ.

“ಇದಾರೆ, ಅತ್ತೆ,” ಎಂದೆ. ಹೇಳಿದ್ದು ಸುಳ್ಳಾಗಬಾರದೆಂದು, ಸೂರ್ಯ ಸೂರಿನ ಮೇಲೇರಿ ಗೋಡೆಗೆ ನೆರಳಾಗುವವರೆಗೂ ಕತ್ತು ಅಲುಗಿಸಲಿಲ್ಲ.